ಪೆನ್ನಿಗೂ ಶಾಯಿಗೂ ಸೇರಿ ಆರಂಕ

ಬಣ್ಣ ಆಮೇಲೆ, ಮೊದಲು ಹರಿವು ನೋಡಿ ಶಾಯಿ ಆರಿಸುತ್ತೇನೆ ಎಂದಾಗ ಫೌಂಟನ್ ಪೆನ್ ಹುಚ್ಚಿನ ಗೆಳೆಯರೆಲ್ಲ ನಕ್ಕಿದ್ದರು. ಈಗ ಹನ್ನೆರಡು ಪೆನ್ನುಗಳು ಒಂದೊಂದು ಶಾಯಿಗೆ ಒಗ್ಗಿಕೊಂಡಿವೆ, ಮೊದಲ ಅಕ್ಷರಕ್ಕೆ ಒಂದೂ ಹಟ ಮಾಡುವುದಿಲ್ಲ. ನಕ್ಕವರಲ್ಲಿ ಇಬ್ಬರು ನನ್ನ ಪಟ್ಟಿ ಕೇಳಿ ಪಡೆದಿದ್ದಾರೆ.

ಲೆಕ್ಕ ಸುಲಭ. ಪೆನ್ನಿಗೆ ಒಂದರಿಂದ ಐದು ಅಂಕ, ಶಾಯಿಗೂ ಅಷ್ಟೇ. ಒಂದು ಎಂದರೆ ಒಣಕಲು, ಐದು ಎಂದರೆ ಕಾರಿಕೊಳ್ಳುವಂಥದು. ಕೂಡಿದರೆ ಆರು ಬರಬೇಕು. ಐದಂಕದ, ದಪ್ಪ ಗೆರೆಯ ಪೆಲಿಕನ್ ಬ್ರಾಡ್ ನಿಬ್ಬಿಗೆ ಒಂದಂಕದ ಪೆಲಿಕನ್ 4001 ಬ್ಲೂ-ಬ್ಲ್ಯಾಕ್; ಎರಡಂಕದ, ತೀರ ಸಣ್ಣ ಗೆರೆಯ ಜಪಾನಿ ಎಕ್ಸ್‌ಟ್ರಾ ಫೈನಿಗೆ ನಾಲ್ಕಂಕದ ಪೈಲಟ್ ಇರೋಶಿಜುಕು. ಮೊತ್ತ ಏಳು ದಾಟಿದರೆ ಗೆರೆ ಉಬ್ಬಿ ಹಾಳೆಯ ಹಿಂದೆ ಇಣುಕುತ್ತದೆ. ಐದಕ್ಕಿಂತ ಇಳಿದರೆ ನಿಬ್ ಕೆರೆಯುತ್ತದೆ. ಆಗ ನಾವು ನಿಬ್ಬನ್ನು ಬೈಯುತ್ತ ಮೈಕ್ರೊ-ಮೆಶ್ ಎಂಬ ನುಣುಪು ಉಜ್ಜುಹಾಳೆಯ ಮೇಲೆ ಉಜ್ಜಲು ಕೂರುತ್ತೇವೆ. ಹಾಗೆ ಉಜ್ಜಿ ಎರಡು ನಿಬ್ಬುಗಳ ತುದಿ ಚಪ್ಪಟೆಯಾಯಿತು. ತಪ್ಪು ಒಣ ಶಾಯಿಯದು, ದಂಡ ನಿಬ್ಬಿಗೆ.

ಪೆನ್ನಿಗೆ ಅಂಕ ಕೊಡಲು ಎಲ್ಲ ಪೆನ್ನಿಗೂ ಒಂದೇ ಶಾಯಿ ಬೇಕು. ನನ್ನದು ವಾಟರ್‌ಮನ್ ಸೆರೆನಿಟಿ ಬ್ಲೂ. ಸಿರಿಂಜಿನಿಂದ ಅರ್ಧ ಮಿ.ಲೀ. ಅಳೆದು ಹಾಕಿ, ಒಂದೇ ಬಗೆಯ ಹಾಳೆಯಲ್ಲಿ ಮುಗಿಯುವವರೆಗೆ ಬರೆದು ಪುಟ ಎಣಿಸುವುದು. ‘ಮೀಡಿಯಂ’ ಎಂದೇ ಕೆತ್ತಿದ ಎರಡು ನಿಬ್ಬುಗಳ ನಡುವೆ ಪುಟದ ಲೆಕ್ಕ ಹೆಚ್ಚುಕಡಿಮೆ ದುಪ್ಪಟ್ಟು ಬಂದದ್ದೂ ಉಂಟು. ಶಾಯಿಗೆ ಅಂಕ ಕೊಡುವಾಗ ಉಲ್ಟಾ: ಪೆನ್ ಒಂದೇ, ಶಾಯಿ ಬದಲು. ಶಾಯಿಯಲ್ಲಿ ಅದ್ದಿ ಬರೆಯುವ ಗಾಜಿನ ಡಿಪ್ ಪೆನ್ ಇಲ್ಲಿ ನಡೆಯುವುದಿಲ್ಲ. ಅದರಲ್ಲಿ ನಿಬ್ಬಿಗೆ ಶಾಯಿ ತಲುಪಿಸುವ ಫೀಡೇ ಇಲ್ಲ, ಬಣ್ಣ ತೋರಿಸುತ್ತದೆ ಹೊರತು ಹರಿವನ್ನಲ್ಲ.

ಮೊದಲ ಸುತ್ತಿನ ಶಾಯಿ ಅಂಕಗಳನ್ನೆಲ್ಲ ಹರಿದು ಹಾಕಬೇಕಾಯಿತು. ತೊಳೆದ ಮೇಲೆ ಫೀಡಿನ ಹಲ್ಲುಗಳ ನಡುವೆ ನೀರು ಉಳಿದು, ಬಂದ ಶಾಯಿಯೆಲ್ಲ ತೆಳುವಾಗಿ ನಾಲ್ಕಂಕ ಗಿಟ್ಟಿಸುತ್ತಿತ್ತು. ಈಗ ತೊಳೆದ ಪೆನ್ನನ್ನು ನಿಬ್ ಕೆಳಗಾಗಿ ಟಿಶ್ಯೂ ಮೇಲೆ ಒಂದು ಇಡೀ ದಿನ ನಿಲ್ಲಿಸುತ್ತೇನೆ, ಮೊದಲ ಅರ್ಧ ಪುಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದುಡ್ಡು ಸುರಿದದ್ದು ಪೆನ್ನಿಗಿಂತ ಬಾಟಲಿಗೆ. ಕನ್ವರ್ಟರಿಗೆ (ಪೆನ್ನಿನೊಳಗೆ ಕೂರುವ, ಶಾಯಿ ಹೀರುವ ನಳಿಗೆ) ಹಿಡಿಸುವುದು ಸುಮಾರು 0.7 ಮಿ.ಲೀ.; 50 ಮಿ.ಲೀ. ಬಾಟಲಿ ಎಂದರೆ ಎಪ್ಪತ್ತು ಸಲ ತುಂಬುವಷ್ಟು. ಮೂರು ಸಲ ತುಂಬಿ ಬೇಜಾರಾದ ಬಾಟಲಿಗಳ ಒಟ್ಟು ಬೆಲೆಯಲ್ಲಿ ಒಂದು ಚಿನ್ನದ ನಿಬ್ಬಿನ ಪೆನ್ ಬರುತ್ತಿತ್ತು. ಅಂಕ ಹಾಕಲು 2 ಮಿ.ಲೀ. ಸ್ಯಾಂಪಲ್ ಧಾರಾಳ ಸಾಕು.

ಎಲ್ಲರೂ ಬೇಡವೆಂದದ್ದು ಐರನ್ ಗಾಲ್ ಶಾಯಿ, ಎಂದರೆ ಕಬ್ಬಿಣದ ಲವಣ ಬೆರೆತ ಆಮ್ಲೀಯ ಶಾಯಿ. ಚಿನ್ನದ ನಿಬ್ ಹಾಳಾಗುತ್ತದೆ ಎಂಬ ಗುಲ್ಲು ಬೇರೆ. ಆಮ್ಲಕ್ಕೆ ಹೆದರಬೇಕಾದದ್ದು ಸ್ಟೀಲ್ ನಿಬ್ಬು ಮತ್ತು ತೆಳು ಚಿನ್ನದ ಲೇಪ. 14 ಕ್ಯಾರೆಟ್ ನಿಬ್ಬಿಗೆ ಅದರ ಹಂಗಿಲ್ಲ. ನಿಜವಾದ ಶತ್ರು ಗಾಳಿ. ಶಾಯಿಯಲ್ಲಿನ ಕಬ್ಬಿಣ ಗಾಳಿ ತಗುಲಿ ಕಪ್ಪಾಗುವುದು ಹಾಳೆಯ ಮೇಲೆ ಗುಣ, ಫೀಡಿನೊಳಗೆ ಶಾಪ. ಹಾಗಾಗಿ ಮುಚ್ಚಳದ ಪರೀಕ್ಷೆ: ಮಾಮೂಲಿ ಶಾಯಿ ತುಂಬಿ ಎರಡು ವಾರ ಅಡ್ಡ ಮಲಗಿಸಿ, ತೆಗೆದು ಬರೆದಾಗ ಮೊದಲ ಗೆರೆಯೇ ಮೂಡಬೇಕು, ಬಣ್ಣ ಗಾಢವಾಗಿರಬಾರದು. ಪ್ಲಾಟಿನಂ 3776 ಸೆಂಚುರಿ ಪೆನ್ನಿನ ಒಳಮುಚ್ಚಳ ಇದರಲ್ಲಿ ಲೀಲಾಜಾಲವಾಗಿ ಪಾಸು. ಅದರಲ್ಲಿ ರೋರರ್ ಕ್ಲಿಂಗ್ನರ್ ಸಾಲಿಕ್ಸ್ ಎಂಬ ಐರನ್ ಗಾಲ್ ಶಾಯಿ ಏಳೆಂಟು ತಿಂಗಳಿಂದ ಓಡುತ್ತಿದೆ. ಐದಾರು ವಾರಕ್ಕೊಮ್ಮೆ ಬರೀ ನೀರಿನ ತೊಳೆತ. ಕಪ್ಪು ಕಟ್ಟಿದ್ದರೆ 50 ಮಿ.ಲೀ. ನೀರಿಗೆ ಕಾಲು ಟೀ ಚಮಚ ವಿಟಮಿನ್ ಸಿ ಪುಡಿ, ಅರ್ಧ ಗಂಟೆ, ಮತ್ತೆ ನೀರು. ಅಮೋನಿಯಾ ಬೆರೆಸಿದ ಪೆನ್ ಫ್ಲಶ್ (ಪೆನ್ ತೊಳೆಯುವ ದ್ರಾವಣ) ಮಾತ್ರ ಇದಕ್ಕೆ ಬೇಡ. ಕ್ಷಾರ ಸೋಕಿದರೆ ಕಬ್ಬಿಣ ಇನ್ನಷ್ಟು ಗಷ್ಟು ಕಟ್ಟುತ್ತದೆ.

ಮಿನುಗು ಶಾಯಿಗೆ ಅಂಕವೇ ಇಲ್ಲ. ಅದರ ಕಣಗಳು ಫೀಡಿನಲ್ಲಿ ಮರಳಿನಂತೆ ಕೂರುತ್ತವೆ. ನಿಬ್ಬು ಫೀಡು ಎರಡೂ ಕೈಯಲ್ಲೇ ಕಳಚಿ ಬರುವ ಬ್ರಾಡ್ ಪೆನ್ನಿಗೆ ಮಾತ್ರ ಅದು. ಒಡಲೊಳಗಿನ ನಿರ್ವಾತದಿಂದ ಶಾಯಿ ಹೀರುವ ವ್ಯಾಕ್ಯೂಮ್ ಫಿಲ್ಲರ್ ಪೆನ್ನಿಗೆ ಹಾಕಿ ಒಂದು ರಜಾದಿನ ಪೂರ್ತಿ ತೊಳೆಯುವುದರಲ್ಲೇ ಕಳೆಯಿತು.

ಮಧ್ಯೆ ಬೆರಕೆಯ ಚಪಲವೂ ಹತ್ತಿತ್ತು. ಆಮ್ಲದ ಶಾಯಿಗೆ ಕ್ಷಾರದ ಶಾಯಿ ಬೆರೆಸಿ ಶೀಶೆಯಲ್ಲಿ ಎರಡು ದಿನ ಬಿಟ್ಟರೆ ತಳದಲ್ಲಿ ಕೆಸರು. ಪೆನ್ನಿನೊಳಗೆ ಆಗದಿದ್ದದ್ದು ಪುಣ್ಯ. ಒಣ ಶಾಯಿಗೆ ಹತ್ತರಲ್ಲೊಂದು ಪಾಲು ಡಿಸ್ಟಿಲ್ಡ್ ನೀರು ಹಾಕಿದ್ದರಿಂದ ಕೆಲವಕ್ಕೆ ಒಂದಂಕ ಏರಿತು, ಕೆಲವು ಬರೀ ಪೇಲವವಾದವು. ಪಾತ್ರೆ ತೊಳೆಯುವ ದ್ರವದಿಂದ ಒಂದೂವರೆ ಅಂಕ ಏರಿಸುವ ಪ್ರಮಾಣವೊಂದು ನನ್ನ ಬಳಿ ಇದೆ. ಅದನ್ನು ಹೇಳಲಾರೆ, ಒಂದು ಹನಿ ಹೆಚ್ಚಾದರೂ ಅಕ್ಷರಕ್ಕೆಲ್ಲ ಮೀಸೆ ಬರುತ್ತದೆ ಎಂದಷ್ಟೇ ಸುಳಿವು.

ಲೆಕ್ಕಕ್ಕೆ ಬಗ್ಗದ್ದು ಎಬೊನೈಟಿನ (ಗಟ್ಟಿ ರಬ್ಬರಿನ) ಐಡ್ರಾಪರ್, ಎಂದರೆ ಒಡಲಿಗೇ ಶಾಯಿ ತುಂಬುವ ಪೆನ್, ಒಂದೇ. ತುಂಬಿದ್ದಾಗ ಮೂರಂಕ, ಶಾಯಿ ಕಾಲು ಭಾಗಕ್ಕೆ ಇಳಿದರೆ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಐದಂಕ ದಾಟಿ ತೊಟ್ಟಿಕ್ಕುತ್ತದೆ. ಅದನ್ನು ಎರಡಂಕದ ಶಾಯಿಗೆ ಕೊಟ್ಟು, ಅರ್ಧಕ್ಕೆ ಇಳಿದೊಡನೆ ಮತ್ತೆ ತುಂಬುತ್ತಿದ್ದೇನೆ.