ಜ್ಯೂರಿ ಲೆಟರ್ ಬಂದರೆ ಕಸದ ಡಬ್ಬಕ್ಕೆ ಹಾಕಬೇಡಿ

ಈ ಸಲ ಯುಗಾದಿ ಊಟದಲ್ಲಿ ಹಾಸನದ ಕಡೆಯ ಹುಡುಗನೊಬ್ಬ ನನ್ನ ಪಕ್ಕ ಕೂತಿದ್ದ. ಅಟ್ಲಾಂಟಾಕ್ಕೆ ಬಂದು ಎರಡು ವರ್ಷವಾಗಿದೆಯಂತೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದ: "ಸರ್, ನಂಗೆ ಕೋರ್ಟಿಂದ ಜ್ಯೂರಿ ಡ್ಯೂಟಿ ಅಂತ ಏನೋ ಲೆಟರ್ ಬಂದಿತ್ತು. ನಾನು ಸಿಟಿಜನ್ ಅಲ್ವಲ್ಲ, ಹರಿದು ಹಾಕ್ಬಿಟ್ಟೆ."

ನನಗೆ ನಗು ಬರಲಿಲ್ಲ. 2009ರಲ್ಲಿ ನಾನೂ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡಿದ್ದೆ. ಕ್ರೆಡಿಟ್ ಸ್ಕೋರು, ಡ್ರೈವಿಂಗ್ ಟೆಸ್ಟು, ಸ್ಕೂಲ್ ರೇಟಿಂಗು ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಈ ಲೆಟರ್ ಬಗ್ಗೆ ಯಾರೂ ಹೇಳುವುದಿಲ್ಲ. ಜ್ಯೂರಿ ಅಂದರೆ ಆರೋಪಿ ತಪ್ಪು ಮಾಡಿದ್ದಾನಾ ಇಲ್ಲವಾ ಎಂದು ತೀರ್ಮಾನಿಸಲು ಕೋರ್ಟ್ ಕರೆಸುವ ಸಾಮಾನ್ಯ ಜನರ ಗುಂಪು. ಅದರಲ್ಲಿ ಸಿಟಿಜನ್‌ಗಳು ಮಾತ್ರ ಕೂರಬಹುದು.

ಸಿಟಿಜನ್ ಅಲ್ಲದವರಿಗೆ ಅದು ಯಾಕೆ ಬರುತ್ತದೆ? ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಜ್ಯೂರಿ ಪಟ್ಟಿ ಮಾಡುವಾಗ ವೋಟರ್ ಲಿಸ್ಟಿನ ಜೊತೆ ಡ್ರೈವಿಂಗ್ ಲೈಸೆನ್ಸ್ ಇರುವವರ ಹೆಸರುಗಳನ್ನೂ ಸೇರಿಸುತ್ತಾರೆ. ಲೈಸೆನ್ಸ್ ನಿಮ್ಮ ಹತ್ತಿರವೂ ಇದೆಯಲ್ಲ. ಜರಡಿ ಹಿಡಿಯುತ್ತಾರೆ, ಆದರೂ ಒಂದಿಷ್ಟು ಹೆಸರು ಉಳಿದುಬಿಡುತ್ತವೆ. ಬೇರೆ ಎಷ್ಟೋ ರಾಜ್ಯಗಳಲ್ಲೂ ಇದೇ ಕತೆ.

ನಾವು ಆಗ ಬೇರೆ ಊರಿನಲ್ಲಿದ್ದೆವು. ಗ್ರೀನ್ ಕಾರ್ಡ್ (ಸಿಟಿಜನ್ ಆಗದೆ ಇಲ್ಲೇ ಕಾಯಂ ಇರುವ ಪರವಾನಗಿ) ಹೊಸದು. ಪಿಜ್ಜಾ ಕೂಪನ್‌ಗಳ ನಡುವೆ ಆ ಲಕೋಟೆ ಇತ್ತು. ತೆರೆದು ನೋಡಿದೆ, ನನಗೆ ಸಂಬಂಧವಿಲ್ಲ ಅಂದುಕೊಂಡು ಬಿಸಾಕಿದೆ. ಎರಡು ತಿಂಗಳಿಗೆ ಇನ್ನೊಂದು ಲೆಟರ್. ಕರೆದರೂ ಯಾಕೆ ಬರಲಿಲ್ಲ, ಇಂಥ ದಿನ ಜಡ್ಜ್ ಮುಂದೆ ಬಂದು ಕಾರಣ ಹೇಳಿ ಅಂತ. ನನ್ನ ಹೆಂಡತಿ ಅವತ್ತು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ವಕೀಲರೊಬ್ಬರನ್ನು ಹಿಡಿದೆ. ಅರ್ಧ ಗಂಟೆ ಮಾತಿಗೆ 250 ಡಾಲರ್. ಅವರು ಕೊಟ್ಟ ಸಲಹೆ ಇಷ್ಟೇ: "ಗ್ರೀನ್ ಕಾರ್ಡ್ ತಗೊಂಡು ಹೋಗಿ ತೋರಿಸಿ." ಒಂದು ದಿನ ರಜೆ ಹಾಕಿ ಹೋದೆ. ಮೂರು ಗಂಟೆ ಕಾದೆ. ಜಡ್ಜ್ ಕಾರ್ಡ್ ನೋಡಿ ಒಂದು ನಿಮಿಷದಲ್ಲಿ ಕಳಿಸಿದರು. ಮೊದಲ ಲೆಟರ್ ಜೊತೆಗೇ ಒಂದು ಫಾರ್ಮ್ ಇತ್ತು. 'ಸಿಟಿಜನ್ ಅಲ್ಲ' ಅನ್ನುವ ಚೌಕಕ್ಕೆ ಟಿಕ್ ಹಾಕಿ ವಾಪಸ್ ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಲಕೋಟೆಗೆ ಸ್ಟ್ಯಾಂಪ್ ಕೂಡ ಅವರದೇ.

ನನ್ನದು 250 ಡಾಲರ್‌ಗೆ ಮುಗಿಯಿತು. ನನಗೆ ಗೊತ್ತಿರುವ ಇನ್ನೊಬ್ಬರದು ಅಷ್ಟಕ್ಕೆ ಮುಗಿಯಲಿಲ್ಲ. ಅವರೂ ಗ್ರೀನ್ ಕಾರ್ಡ್‌ನವರೇ. ಫಾರ್ಮನ್ನು ಮೀಟಿಂಗ್ ಮಧ್ಯೆ ಫೋನಿನಲ್ಲೇ ತುಂಬಿದರು. ಹದಿನೆಂಟು ವರ್ಷ ಆಗಿದೆಯಾ, ಹೌದು. ಈ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಂತೆ) ಇದ್ದೀರಾ, ಹೌದು. ಸಿಟಿಜನ್ನಾ, ಅದೇ ರಭಸದಲ್ಲಿ ಹೌದು. ಕರೆದ ದಿನ ಹೋಗಿ ಸಂಜೆವರೆಗೂ ಕೂತು ಬಂದರು. "ಒಳ್ಳೇ ಅನುಭವ" ಅಂತ ನಮಗೆಲ್ಲ ಹೇಳಿಕೊಂಡು ಓಡಾಡಿದರು. ನಾಲ್ಕು ವರ್ಷದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಲು ಕೂತಾಗ ಎನ್-400 ಫಾರ್ಮಿನಲ್ಲಿ ಒಂದು ಪ್ರಶ್ನೆ ಕಂಡಿತು: ನೀವು ಯಾವತ್ತಾದರೂ ಅಮೆರಿಕದ ಪ್ರಜೆ ಎಂದು ಹೇಳಿಕೊಂಡಿದ್ದೀರಾ, ಬರಹದಲ್ಲಾಗಲಿ ಬೇರೆ ರೀತಿಯಲ್ಲಾಗಲಿ?

ಇಲ್ಲಿ ಸ್ವಲ್ಪ ನಿಲ್ಲಿ. 1996ರ ಸೆಪ್ಟೆಂಬರ್ 30ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಫೆಡರಲ್ ಅಥವಾ ರಾಜ್ಯದ ಕಾನೂನಿನ ಯಾವುದೇ ಕೆಲಸಕ್ಕೆ ಸುಳ್ಳಾಗಿ 'ನಾನು ಸಿಟಿಜನ್' ಎಂದವರನ್ನು ದೇಶದಿಂದ ಹೊರಗೆ ಕಳಿಸಬಹುದು. ಎಷ್ಟೋ ದೊಡ್ಡ ತಪ್ಪುಗಳಿಗೆ ಇಮಿಗ್ರೇಶನ್ ಕಾನೂನಿನಲ್ಲಿ ಮಾಫಿಯ ದಾರಿ ಇದೆ. ಇದಕ್ಕೆ ಬಹುತೇಕ ಇಲ್ಲ. ಆ ಮನುಷ್ಯ ಕೊನೆಗೆ ಪಾರಾದರು. ಆದರೆ ಎರಡು ವರ್ಷ ನಿದ್ದೆ ಇಲ್ಲ, ವಕೀಲರಿಗೆ ಸಾವಿರಾರು ಡಾಲರ್. ಆ ಸಮಯದಲ್ಲಿ ಊರಲ್ಲಿ ತಂದೆ ತೀರಿಕೊಂಡರು. ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ತಡೆದರೆ ಏನು ಮಾಡೋದು ಅಂತ ಹೋಗಲಿಲ್ಲ.

ಅದಕ್ಕೇ ಹೇಳುವುದು. ಲೆಟರ್ ಬಂದರೆ ಕೂತು, ಪೂರ್ತಿ ಓದಿ, ತುಂಬಿ. ಸಿಟಿಜನ್ ಅಲ್ಲ ಎಂದೇ ಬರೆಯಿರಿ. ಕಳಿಸುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ವಾರ ಬಿಟ್ಟು ಫೋನ್ ಮಾಡಿ ಹೆಸರು ತೆಗೆದರಾ ಅಂತ ಕೇಳಿ. ಇನ್ನು 'ಜ್ಯೂರಿ ತಪ್ಪಿಸಿದ್ದೀರಿ, ಅರೆಸ್ಟ್ ವಾರಂಟ್ ಇದೆ, ಗಿಫ್ಟ್ ಕಾರ್ಡ್ ತಂದು ನಂಬರ್ ಹೇಳಿ' ಅಂತ ಯಾರಾದರೂ ಫೋನ್ ಮಾಡಿದರೆ ಅವನು ಕಳ್ಳ. ಸುಮ್ನೆ ಫೋನ್ ಇಟ್ಟುಬಿಡಿ.

ಸಿಟಿಜನ್ ಆದ ಮೇಲೆ ನಮ್ಮವರ ತಪ್ಪಿನ ಜಾತಿಯೇ ಬದಲಾಗುತ್ತದೆ. ಆಗ ತಪ್ಪಿಸಿಕೊಳ್ಳುವ ಉಪಾಯಗಳು ಶುರು. ಪಾರ್ಟಿಗಳಲ್ಲಿ ನಾನೇ ಕೇಳಿದ್ದೇನೆ: "ಏನಿಲ್ಲ ಕಣ್ರೀ, ಕರಿಯರನ್ನ ಕಂಡ್ರೆ ನಂಗೆ ನಂಬಿಕೆ ಇಲ್ಲ ಅನ್ನಿ, ಹತ್ತು ನಿಮಿಷದಲ್ಲಿ ಮನೆಗೆ ಕಳಿಸ್ತಾರೆ." ಎಲ್ಲರೂ ನಗುತ್ತಾರೆ. ಕೋರ್ಟಿನಲ್ಲಿ ಪ್ರಮಾಣ ಮಾಡಿ, ಆರೋಪಿಯ ಕಣ್ಣೆದುರಿಗೆ ಹೇಳುವ ಮಾತು ಅದು. ಈ ಜೋಕ್ ಮಾಡುವವರು ಮನೆ ಕೊಂಡಿರುವ ನೆಲದ ಕತೆಯನ್ನು ಒಂದು ಸಲ ಕೇಳಬೇಕು.

ನಮ್ಮವರು ಸಾಲುಸಾಲಾಗಿ ಮನೆ ಮಾಡಿರುವ, ಅಟ್ಲಾಂಟಾ ಹತ್ತಿರದ ಫೋರ್ಸೈತ್ ಕೌಂಟಿಯಲ್ಲಿ, 1912ರ ಸೆಪ್ಟೆಂಬರ್‌ನಲ್ಲಿ, ಮೇ ಕ್ರೋ ಎಂಬ ಬಿಳಿಯ ಹುಡುಗಿ ಕಾಡಿನಲ್ಲಿ ಹೊಡೆತ ತಿಂದು ಬಿದ್ದಿದ್ದಳು. ಎರಡು ವಾರಕ್ಕೆ ತೀರಿಕೊಂಡಳು. ಅವಳು ಸಾಯುವ ಮುಂಚೆಯೇ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಯುವಕನನ್ನು ಗುಂಪು ಕಮಿಂಗ್ ಪೇಟೆಯ ಜೈಲಿನಿಂದ ಎಳೆದು ಕೊಂದಿತು. ಇನ್ನಿಬ್ಬರು ಹುಡುಗರು, ಅರ್ನೆಸ್ಟ್ ನಾಕ್ಸ್ ಮತ್ತು ಆಸ್ಕರ್ ಡೇನಿಯಲ್. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಇವರಿಗೆ 'ನ್ಯಾಯವಾಗಿ' ವಿಚಾರಣೆ ನಡೆಯಿತು. ಸೈನಿಕರ ಕಾವಲು, ಜಡ್ಜು, ವಕೀಲರು, ಹನ್ನೆರಡು ಜನರ ಜ್ಯೂರಿ, ಎಲ್ಲ ಇತ್ತು. ಜ್ಯೂರಿಯವರೆಲ್ಲ ಬಿಳಿಯರು. ಒಬ್ಬೊಬ್ಬನ ವಿಚಾರಣೆಗೆ ಒಂದು ದಿನವೂ ಪೂರ್ತಿ ಹಿಡಿಯಲಿಲ್ಲ. ಅಕ್ಟೋಬರ್ 25ರಂದು ನೇಣು. ಜನ ನೋಡದಿರಲಿ ಎಂದು ಜಡ್ಜ್ ಬೇಲಿ ಹಾಕಿಸಿದ್ದರು. ಹಿಂದಿನ ರಾತ್ರಿ ಅದನ್ನು ಸುಟ್ಟರು. ಸಾವಿರಾರು ಜನ ಕೂತು ನೋಡಿದರು.

1910ರ ಜನಗಣತಿಯಲ್ಲಿ ಈ ಕೌಂಟಿಯಲ್ಲಿ 1,098 ಕಪ್ಪು ಜನರಿದ್ದರು. 1912ರ ಆ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಬೆದರಿಸಿ, ಮನೆ ಚರ್ಚು ಸುಟ್ಟು ಓಡಿಸಿದರು. 1987ರ ಜನವರಿಯಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಶಾಂತಿ ಮೆರವಣಿಗೆ ತಂದಾಗ ಇಲ್ಲಿ ಕಲ್ಲು ತೂರಿದರು. ಮುಂದಿನ ವಾರ ಸುಮಾರು 20,000 ಜನ ಬಂದು ನಡೆದರು. ನನ್ನ ಮನೆ ಮಾರಿದ ಏಜೆಂಟ್ ಇದ್ಯಾವುದನ್ನೂ ಹೇಳಲಿಲ್ಲ. ಹೇಳಿದ್ದರೆ ನಾನು ಕೊಳ್ಳುತ್ತಿರಲಿಲ್ಲವಾ? ಕೊಳ್ಳುತ್ತಿದ್ದೆ ಅನ್ನಿಸುತ್ತದೆ. ಸ್ಕೂಲ್ ಚೆನ್ನಾಗಿದೆ.

ಸಿಟಿಜನ್ ಆದ ಮೇಲೆ ನಾನು ಒಮ್ಮೆ ಜ್ಯೂರಿ ಆಯ್ಕೆಗೆ ಹೋಗಿದ್ದೆ. ನಲವತ್ತಕ್ಕೂ ಜಾಸ್ತಿ ಜನ, ಎಲ್ಲರ ಕೈಯಲ್ಲೂ ನಂಬರ್ ಬರೆದ ರಟ್ಟು. ಆರೋಪಿ ಒಬ್ಬ ಕಪ್ಪು ಹುಡುಗ. ಹೊಸ ಶರ್ಟು, ಕಾಲರಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ವಕೀಲರು ಕೆಲಸ ಏನು, ಯಾರಾದರೂ ಪೊಲೀಸ್ ನೆಂಟರಿದ್ದಾರಾ ಎಂದೆಲ್ಲ ಕೇಳಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಒಂದು ಕಾಗದ ಮಾತ್ರ ಆ ಮೇಜಿನಿಂದ ಈ ಮೇಜಿಗೆ, ಈ ಮೇಜಿನಿಂದ ಆ ಮೇಜಿಗೆ ಓಡಾಡಿತು. ಪ್ರತಿ ಸಲ ಒಂದು ಹೆಸರಿಗೆ ಗೀಟು. ಅದೇ ಇಲ್ಲಿನ ಪದ್ಧತಿ: ಜಾರ್ಜಿಯಾದಲ್ಲಿ ಫೆಲೊನಿ (ಗಂಭೀರ ಅಪರಾಧದ) ಕೇಸಿಗೆ ಎರಡೂ ಕಡೆಯವರು ಕಾರಣ ಹೇಳದೆ ಒಂಬತ್ತೊಂಬತ್ತು ಜನರನ್ನು ಕೈಬಿಡಬಹುದು. ಮರಣದಂಡನೆಯ ಕೇಸಾದರೆ ಹದಿನೈದು. ಕೊನೆಗೆ ಹನ್ನೆರಡು ನಂಬರ್ ಓದಿದರು. ನನ್ನದು ಇರಲಿಲ್ಲ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಕಾರಿನಲ್ಲಿ ಕೂತಾಗ ಖುಷಿಯೂ ಆಯಿತು, ಅವಮಾನವೂ ಆಯಿತು.

ಆ ಗೀಟಿನ ಬಗ್ಗೆ ಓದಲು ಶುರುಮಾಡಿದ್ದು ಆಮೇಲೆ. ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಡುವ ಕಾನೂನು ಸಲ್ಲದು ಎಂದು ಸುಪ್ರೀಂ ಕೋರ್ಟ್ 1880ರಲ್ಲೇ ಹೇಳಿತ್ತು. ಕಾನೂನು ಹೋಯಿತು, ಬಿಳಿಯರದೇ ಪಟ್ಟಿ ಉಳಿಯಿತು. 1931ರಲ್ಲಿ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಆರೋಪ. ಎಂಟು ಜನರಿಗೆ ಮರಣದಂಡನೆ. ಜ್ಯೂರಿ ಪಟ್ಟಿಯಲ್ಲಿ ಕಪ್ಪು ಜನರ ಹೆಸರೂ ಇದೆ ಎಂದು ರಾಜ್ಯ ವಾದಿಸಿತು. ಆ ಹೆಸರುಗಳನ್ನು ಆಮೇಲೆ ತುರುಕಿದ್ದಾರೆ ಎಂದು ವಕೀಲ ಸ್ಯಾಮ್ಯುಯೆಲ್ ಲೈಬೊವಿಟ್ಜ್ ಆ ಪಟ್ಟಿಯ ಪುಸ್ತಕವನ್ನೇ ಸುಪ್ರೀಂ ಕೋರ್ಟಿಗೆ ಕೊಂಡೊಯ್ದರು. ನ್ಯಾಯಮೂರ್ತಿಗಳು ಭೂತಕನ್ನಡಿ ಹಿಡಿದು ನೋಡಿದರು. 1935ರಲ್ಲಿ ಶಿಕ್ಷೆ ರದ್ದಾಯಿತು. ಆದರೂ ಆ ಹುಡುಗರಲ್ಲಿ ಕೆಲವರು ಮತ್ತೆ ವಿಚಾರಣೆ, ಮತ್ತೆ ಶಿಕ್ಷೆ ಎಂದು ವರ್ಷಗಟ್ಟಲೆ ಜೈಲಿನಲ್ಲೇ ಕಳೆದರು.

1986ರ ಸುಪ್ರೀಂ ಕೋರ್ಟಿನ ಬ್ಯಾಟ್ಸನ್ ತೀರ್ಪು ಬಣ್ಣ ನೋಡಿ ಗೀಟು ಹಾಕುವಂತಿಲ್ಲ ಎಂದಿತು. ಮರುವರ್ಷವೇ ಜಾರ್ಜಿಯಾದ ರೋಮ್ ಊರಿನಲ್ಲಿ ತಿಮತಿ ಫಾಸ್ಟರ್ ಎಂಬ ಕಪ್ಪು ಯುವಕನ ಕೊಲೆ ಕೇಸು. ಜ್ಯೂರಿ ಆಯ್ಕೆಗೆ ಉಳಿದಿದ್ದ ನಾಲ್ಕೂ ಕಪ್ಪು ಜನರಿಗೆ ಸರ್ಕಾರಿ ವಕೀಲರು ಗೀಟು ಹಾಕಿದರು. ಕೇಳಿದ್ದಕ್ಕೆ ಬೇರೆ ಬೇರೆ ಕಾರಣ ಕೊಟ್ಟರು. 2006ರಲ್ಲಿ ಮಾಹಿತಿ ಹಕ್ಕಿನ ಮೂಲಕ ಅವರ ಕಡತ ಸಿಕ್ಕಿತು. ಕಪ್ಪು ಜನರ ಹೆಸರಿಗೆಲ್ಲ ಹಸಿರು ಹೈಲೈಟರ್ ಬಳಿದಿತ್ತು, ಪಕ್ಕದಲ್ಲಿ 'ಬಿ' ಅಕ್ಷರ, ಅಂದರೆ ಬ್ಲ್ಯಾಕ್. ಹಸಿರು ಅಂದರೆ ಏನು ಎಂಬುದನ್ನೂ ಮೇಲೆ ಬರೆದಿಟ್ಟಿದ್ದರು! 2016ರಲ್ಲಿ ಸುಪ್ರೀಂ ಕೋರ್ಟ್ 7-1ರಿಂದ ಆ ಶಿಕ್ಷೆಯನ್ನು ತಳ್ಳಿಹಾಕಿತು. ಫಾಸ್ಟರ್ ಕೊಲೆ ಮಾಡಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಅದಲ್ಲ.

ಬಿಳಿಯರೇ ತುಂಬಿದ ಜ್ಯೂರಿ ಎಂದರೆ ಅನ್ಯಾಯವೇ ಅಂತಲೂ ಅಂದುಕೊಳ್ಳಬೇಡಿ. ಅಹ್ಮದ್ ಆರ್ಬರಿ ಕೊಲೆ ಕೇಸು ನೆನಪಿದೆಯಲ್ಲ, ಓಡಲು ಹೋದ ಹುಡುಗನನ್ನು ಮೂವರು ಬಿಳಿಯರು ಅಟ್ಟಿಸಿಕೊಂಡು ಹೋಗಿದ್ದು? ಆ ವಿಚಾರಣೆಗೆ ಜಾರ್ಜಿಯಾದ ಬ್ರನ್ಸ್‌ವಿಕ್‌ನಲ್ಲಿ 1,000 ಸಮನ್ಸ್ ಕಳಿಸಿದರು. ಬಾರದೇ ಉಳಿದವರೇ ಬಹಳ. ಆರೋಪಿಗಳ ವಕೀಲರು ಕಪ್ಪು ಜನರಿಗೆ ಗೀಟು ಹಾಕುತ್ತಾ ಹೋಗಿ, ಕೊನೆಗೆ ಹನ್ನೊಂದು ಬಿಳಿಯರು, ಒಬ್ಬ ಕಪ್ಪು ವ್ಯಕ್ತಿ ಉಳಿದರು. ಬೇಕೆಂದೇ ಭೇದ ಮಾಡಿದಂತೆ ಕಾಣುತ್ತದೆ ಎಂದು ಜಡ್ಜ್ ಬಾಯಿಬಿಟ್ಟು ಹೇಳಿದರು, ಆದರೂ ಮುಂದುವರಿಸಲು ಬಿಟ್ಟರು. ಅದೇ ಜ್ಯೂರಿ 2021ರ ನವೆಂಬರ್ 24ರಂದು ಮೂವರೂ ತಪ್ಪಿತಸ್ಥರು ಎಂದಿತು.

"ನಮ್ಮ ದೇಶದ್ದೇ ವಾಸಿ, ಜಡ್ಜ್ ಒಬ್ಬರೇ ತೀರ್ಮಾನ ಮಾಡ್ತಾರೆ" ಅನ್ನುವವರಿದ್ದಾರೆ. ನಾನೂ ಹಾಗೇ ಅನ್ನುತ್ತಿದ್ದೆ. ನಮ್ಮಲ್ಲೂ ಜ್ಯೂರಿ ಇತ್ತು. 1959ರಲ್ಲಿ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯನ್ನು ಜ್ಯೂರಿ 8-1ರಿಂದ ಬಿಡುಗಡೆ ಮಾಡಿ ನಗೆಪಾಟಲಾಯಿತು, ಕ್ರಮೇಣ ಪದ್ಧತಿಯೇ ಹೋಯಿತು. ಅದಕ್ಕೂ ಹಿಂದೆ, 1908ರಲ್ಲಿ, ಬಾಂಬೆ ಹೈಕೋರ್ಟಿನಲ್ಲಿ ತಿಲಕರ ರಾಜದ್ರೋಹದ ವಿಚಾರಣೆ. ಜ್ಯೂರಿಯಲ್ಲಿ ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು 7-2. ಆರು ವರ್ಷ ಬರ್ಮಾದ ಮಂಡಾಲೆ ಜೈಲು. ನಮ್ಮ ಅಜ್ಜನ ಕಪಾಟಿನಲ್ಲಿದ್ದ 'ಗೀತಾರಹಸ್ಯ' ಅಲ್ಲಿ ಬರೆದದ್ದು. ಬೇರೆಯವರ ಬಣ್ಣದ ಜ್ಯೂರಿ ಮುಂದೆ ನಿಲ್ಲುವುದು ಹೇಗಿರುತ್ತದೆ ಅನ್ನುವುದು ನಮಗೆ ಹೊಸದೇನಲ್ಲ. ನನ್ನ ಅಭಿಪ್ರಾಯ ಕೇಳಿದರೆ, ವಿಚಾರಣೆ ದಿನಾ ನಡೆದು ವಾರದಲ್ಲಿ ಮುಗಿಯುವುದು ಇಲ್ಲಿನದೇ ಮೇಲು. ಆದರೆ ಹೆಚ್ಚಿನ ಆರೋಪಿಗಳು ವಿಚಾರಣೆಗೇ ಬರುವುದಿಲ್ಲ. ಭಯಕ್ಕೆ ಒಪ್ಪಂದ ಮಾಡಿಕೊಂಡು ತಪ್ಪೊಪ್ಪಿಕೊಳ್ಳುತ್ತಾರೆ. ಆ ವಿಷಯದಲ್ಲಿ ಎರಡೂ ಕಡೆ ಬಡವನ ಗತಿ ಒಂದೇ.

ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಿದಳು. ನಿಮ್ಮ ಮಕ್ಕಳೂ ಓದುತ್ತಾರೆ, ತಯಾರಾಗಿರಿ. ಎಡಗೈ ನಿಷ್ಕ್ರಿಯವಾದ ಕಪ್ಪು ಮನುಷ್ಯನಿಗೆ, ಎಡಗೈಯವನು ಮಾಡಿದಂತೆ ಕಾಣುವ ತಪ್ಪಿಗೆ, ಬಿಳಿಯರ ಜ್ಯೂರಿ ಶಿಕ್ಷೆ ಕೊಡುತ್ತದೆ. ಕಾದಂಬರಿಯಲ್ಲಿ ವಕೀಲನೇ ಹೀರೋ, ಆರೋಪಿಗೆ ನಾಲ್ಕು ಮಾತೂ ಸರಿಯಾಗಿ ಸಿಗುವುದಿಲ್ಲ. ಅದು ನನಗೆ ಸೇರಲಿಲ್ಲ. ಆದರೆ ತೀರ್ಪಿನ ನಂತರ ವಕೀಲನ ಮಗ ಒಂದು ಪ್ರಶ್ನೆ ಕೇಳುತ್ತಾನೆ: ನಮ್ಮಂಥವರು ಯಾಕೆ ಯಾವತ್ತೂ ಜ್ಯೂರಿಯಲ್ಲಿ ಕೂರುವುದಿಲ್ಲ? ಪೇಟೆಯವರಿಗೆ ಆಸಕ್ತಿ ಇಲ್ಲ, ಭಯವೂ ಇದೆ ಎನ್ನುತ್ತಾನೆ ಅಪ್ಪ.

ಮಗಳು ಪುಸ್ತಕ ಮಡಿಸಿ ನನ್ನನ್ನು ಕೇಳಿದಳು, "ಅಪ್ಪ, ನಿಂಗೆ ಹೋದ ತಿಂಗಳು ಬಂತಲ್ಲ ಲೆಟರ್, ಏನ್ ಮಾಡ್ದೆ?" ಆಫೀಸಿನಲ್ಲಿ ರಿಲೀಸ್ ಇದೆ ಅಂತ ಮುಂದಕ್ಕೆ ಹಾಕಿಸಿದ್ದೆ. ಎರಡನೇ ಸಲ.

ಮುಂದಕ್ಕೆ ಹಾಕಿಸುವುದು ತಪ್ಪಲ್ಲ, ಸಾಮಾನ್ಯವಾಗಿ ಒಂದು ಸಲ ಕೇಳಿದರೆ ಕೊಡುತ್ತಾರೆ. ಫೆಡರಲ್ ಕೋರ್ಟಾದರೆ ದಿನಕ್ಕೆ 50 ಡಾಲರ್ ಕೊಡುತ್ತಾರೆ, ಕೆಲಸದಿಂದ ತೆಗೆಯುವಂತಿಲ್ಲ. ಹೋಗದಿದ್ದರೆ 1,000 ಡಾಲರ್‌ವರೆಗೆ ದಂಡ, ಮೂರು ದಿನದವರೆಗೆ ಜೈಲು. ಇಂಗ್ಲಿಷ್ ಅರ್ಥವಾಗದಿದ್ದರೆ ನಿಜ ಹೇಳಿ, ಅರ್ಥವಾದರೆ ನಾಟಕ ಬೇಡ. ಮನಸ್ಸಿನಲ್ಲಿ ಪೂರ್ವಗ್ರಹ ನಿಜವಾಗಿ ಇದ್ದರೆ ಜಡ್ಜ್ ಹತ್ತಿರ ಖಾಸಗಿಯಾಗಿ ಮಾತಾಡಬೇಕು ಅಂತ ಕೇಳಿಕೊಳ್ಳಿ, ಬಿಡುತ್ತಾರೆ. ಏಸಿ ವಿಪರೀತ, ಸ್ವೆಟರ್ ಇರಲಿ. ಕೆಲವು ಕೋರ್ಟುಗಳು ಫೋನ್ ಒಳಗೆ ಬಿಡುವುದಿಲ್ಲ, ಒಂದು ಪುಸ್ತಕ ಇಟ್ಟುಕೊಳ್ಳಿ. ನನ್ನ ಹೊಸ ದಿನಾಂಕ ಮುಂದಿನ ತಿಂಗಳ ಎರಡನೇ ಸೋಮವಾರ. ಲೆಟರ್ ಫ್ರಿಜ್ ಮೇಲೆ ಅಂಟಿಸಿದ್ದಾಳೆ ಮಗಳು, ಹಾಲಿನ ಲೆಕ್ಕದ ಪಕ್ಕದಲ್ಲಿ.