ಪಿಸಿಎಲ್ ಸ್ಕ್ಯಾಫೋಲ್ಡ್: ಮೇಲಲ್ಲ, ನಡು ಕೊಯ್ದು ನೋಡಿ

ಮಂಡಿಯ ಮೃದ್ವಸ್ಥಿಗೆ ರಕ್ತನಾಳವಿಲ್ಲ, ಸವೆದರೆ ತಾನಾಗಿ ಸರಿಹೋಗುವುದು ಅಪರೂಪ. ಅದಕ್ಕೇ ಪಾಲಿಮರಿನ ಸ್ಕ್ಯಾಫೋಲ್ಡ್, ಅಂದರೆ ರಂಧ್ರಗಳಿರುವ ಚೌಕಟ್ಟು, ಮಾಡಿ ಅದರ ಮೇಲೆ ಜೀವಕೋಶ ಬೆಳೆಸುವ ಈ ಪಾಡು. ನಮ್ಮ ಲ್ಯಾಬಿಗೆ ಹೊಸದಾಗಿ ಬಂದವರ ಕೈಗೆ ನಾನು ಮೊದಲು ಕೊಡುವುದು ಪಾಲಿಕ್ಯಾಪ್ರೋಲ್ಯಾಕ್ಟೋನ್, ಅಂದರೆ ಪಿಸಿಎಲ್. ಗಟ್ಟಿಮುಟ್ಟು, ಪಳಗಿಸುವುದು ಸುಲಭ. ಒಂದೇ ರಗಳೆ: ನೀರು ಕಂಡರೆ ಇದಕ್ಕಾಗದು.

ಉಪ್ಪು ಒಣಗಿಸಿ, ಜರಡಿ ಹಿಡಿದು 250ರಿಂದ 425 ಮೈಕ್ರಾನ್ ಹರಳನ್ನಷ್ಟೇ ಇಟ್ಟುಕೊಳ್ಳಿ. ಕ್ಲೋರೋಫಾರ್ಮಿನಲ್ಲಿ ಕರಗಿಸಿದ ಪಿಸಿಎಲ್ ಒಂದು ಪಾಲಿದ್ದರೆ ಉಪ್ಪು ಒಂಬತ್ತು ಪಾಲು, ತೂಕದ ಲೆಕ್ಕ. ಅಚ್ಚು ಗಾಜಿನದೋ ಟೆಫ್ಲಾನಿನದೋ ಇರಲಿ. ಪ್ಲಾಸ್ಟಿಕ್ ಪೆಟ್ರಿ ಡಿಶ್‌ಗೆ ಸುರಿದರೆ ಡಿಶ್ಶೇ ಕರಗುತ್ತೆ. ಫ್ಯೂಮ್ ಹುಡ್‌ನಲ್ಲಿ ರಾತ್ರಿಯಿಡೀ ಆರಲಿ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಬನ್ನಿ. ಉಪ್ಪು ಕರಗಿಹೋದ ಜಾಗವೇ ರಂಧ್ರ. ತೆಗೆದ ನೀರಿಗೆ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಟ್ಟಾಗ ಬೆಳ್ಳಗಾದರೆ ಉಪ್ಪು ಇನ್ನೂ ಇದೆ. (ನಲ್ಲಿ ನೀರು ಬಳಸಿದರೆ ಈ ಪರೀಕ್ಷೆ ದಂಡ, ಅದರಲ್ಲೇ ಕ್ಲೋರೈಡ್ ಇರುತ್ತೆ.)

ಇನ್ನು ಮುಖ್ಯ ಕೆಲಸ. 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಮೇಲ್ಮೈಯ ಎಸ್ಟರ್ ಬಂಧ ಮುರಿದು ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಗುಂಪುಗಳನ್ನು ಹೊರಗೆ ತರುತ್ತೆ. ಆಗ ನೀರು ಹಿಡಿಯುತ್ತೆ, ಜೀವಕೋಶ ಕೂರುತ್ತೆ. ಆದರೆ ಒಣ ಸ್ಕ್ಯಾಫೋಲ್ಡನ್ನು ನೇರ ಅದರಲ್ಲಿ ಹಾಕಿದರೆ ಬೆಂಡಿನಂತೆ ತೇಲುತ್ತೆ, ಒಳಗಿನ ಗಾಳಿ ಹೊರಬರಲ್ಲ. ಮೊದಲು ಎಥನಾಲಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿಡಿ. ನಂತರ ನೀರು, ಅದಾದಮೇಲೆ ಹೈಡ್ರಾಕ್ಸೈಡ್. ಅತಿಯಾದರೆ ರಂಧ್ರಗಳ ಗೋಡೆ ತೆಳುವಾಗುತ್ತೆ, ಹಾಗಾಗಿ ಹೈಡ್ರಾಕ್ಸೈಡಿಗೆ ಮೊದಲೂ ಆಮೇಲೂ ತೂಕ ಬರೆದಿಡಿ. ಪಿಎಚ್ 7ಕ್ಕೆ ಬರುವವರೆಗೆ ತೊಳೆಯಿರಿ.

ಮೇಲೊಂದು ಹನಿ ನೀರು ಬಿಟ್ಟು, ಹೀರಿತು ಎಂದು ಖುಷಿಪಡುವವರೇ ಹೆಚ್ಚು. ನಾನದನ್ನು ಒಪ್ಪಲ್ಲ. ಒಂದು ತುಂಡಿನ ಆಸೆ ಬಿಡಿ: ಟೊಲುಯ್ಡಿನ್ ಬ್ಲೂ ಎಂಬ ಬಣ್ಣದಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಬ್ಲೇಡಿನಿಂದ ಅಡ್ಡ ಕೊಯ್ಯಿರಿ. ಕಾರ್ಬಾಕ್ಸಿಲ್ ಇದ್ದಲ್ಲಿ ನೀಲಿ ಉಳಿಯುತ್ತೆ. ಅಂಚು ನೀಲಿ, ನಡು ಬಿಳಿ ಇದ್ದರೆ ಆ ಬ್ಯಾಚು ವಾಪಸ್ ಎಥನಾಲಿಗೆ.

ಕ್ರಿಮಿ ತೆಗೆಯಲು ಆಟೋಕ್ಲೇವ್ ಕಡೆ ಸುಳಿಯಬೇಡಿ, ಪಿಸಿಎಲ್ 60 ಡಿಗ್ರಿಗೇ ಕರಗುತ್ತೆ. 70% ಎಥನಾಲಿನಲ್ಲಿಟ್ಟು, ಸ್ಟೆರೈಲ್ ಬಫರಿನಲ್ಲಿ ತೊಳೆಯಿರಿ. ಯುವಿ ಒಂದನ್ನೇ ನಂಬಿದರೆ ಅದು ಒಳಕ್ಕಿಳಿಯಲ್ಲ. ಮೇಕೆ ಮಂಡಿಯ ಕಾಂಡ್ರೋಸೈಟ್‌ಗಳನ್ನು (ಮೃದ್ವಸ್ಥಿಯ ಜೀವಕೋಶ) ಸ್ವಲ್ಪವೇ ಮೀಡಿಯಾದಲ್ಲಿ, ಅಂದರೆ ಪೋಷಕ ದ್ರವದಲ್ಲಿ, ದಟ್ಟವಾಗಿ ಹನಿಸಿ, ಒಂದೆರಡು ಗಂಟೆ ಅಂಟಲು ಬಿಟ್ಟು, ಆಮೇಲೆ ಮೀಡಿಯಾ ತುಂಬಿ. ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನ್ ಟಿಜಿಎಫ್-ಬೀಟಾ 3, ಮಿಲಿಲೀಟರಿಗೆ 10 ನ್ಯಾನೋಗ್ರಾಂ ಸಾಕು.

ಮೂರು ವಾರಕ್ಕೆ ಸಫ್ರಾನಿನ್-ಓ ಬಣ್ಣ ಹಾಕಿ. ಮೃದ್ವಸ್ಥಿಯ ಜೀವಕೋಶ ತಯಾರಿಸುವ ಪ್ರೋಟಿಯೋಗ್ಲೈಕಾನ್ ಇದ್ದರೆ ಕೆಂಪಾಗುತ್ತೆ. ಆದರೆ ಈ ಬಣ್ಣವೂ ಕಾರ್ಬಾಕ್ಸಿಲ್ಲಿಗೆ ಅಂಟುವ ಜಾತಿಯದೇ. ಜೀವಕೋಶ ಹಾಕದ, ಉಳಿದೆಲ್ಲ ಹಂತ ದಾಟಿದ ಒಂದು ಸ್ಕ್ಯಾಫೋಲ್ಡಿಗೂ ಪಕ್ಕದಲ್ಲೇ ಬಣ್ಣ ಹಾಕಿ ಹೋಲಿಸಿ, ಆಮೇಲೆ ಗೈಡಿಗೆ ಫೋಟೋ ಕಳಿಸಿ.