ಲಿಸ್ಟ್, ಲೂಪ್ ಕೈಗೆ ಹತ್ತುತ್ತಿಲ್ಲವೇ? ಮೊದಲು ಕಾಗದದ ಮೇಲೆ ಓಡಿಸಿ

ಲಿಸ್ಟ್ ಅಂದರೇನು ಗೊತ್ತು. ಫಾರ್ ಲೂಪ್ ಬರೆಯುವುದೂ ಗೊತ್ತು. ಆದರೆ ಒಂದು ಲೆಕ್ಕ ಕೊಟ್ಟರೆ ಕೈ ಓಡುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟ ಬಹಳಷ್ಟು ಜನ ಇಲ್ಲೇ ನಿಂತುಬಿಡುತ್ತಾರೆ. ಅವರಿಗೆ ಬೇಕಿರುವುದು ಒಂದು ಅಭ್ಯಾಸ: ಲೂಪಿನ ಪ್ರತಿ ಸುತ್ತಿನಲ್ಲಿ ಯಾವ ವೇರಿಯೇಬಲ್‌ನ ಬೆಲೆ ಎಷ್ಟಾಯಿತು ಎಂದು ಪೆನ್ನು ಹಿಡಿದು ಬರೆದು ನೋಡುವುದು. ಇದನ್ನು ನಾಲ್ಕಾರು ಲೆಕ್ಕಗಳಿಗೆ ಮಾಡಿ ನೋಡಿ, ಲೂಪ್ ಕಣ್ಣ ಮುಂದೆ ನಡೆಯಲು ಶುರುವಾಗುತ್ತದೆ.

ಮೊದಲು ಒಂದು ಸೂಚನೆ. ಇಲ್ಲಿ ಪ್ರೋಗ್ರಾಮನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಫಾರ್, ಇನ್, ಇಫ್, ಎಲ್ಸ್, ಪ್ರಿಂಟ್, ರಿಮೂವ್, ಅಪೆಂಡ್ ಇವುಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆಯಿರಿ. ವೇರಿಯೇಬಲ್ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಡಬಹುದು. ಪೈಥಾನ್ 3 ಅದನ್ನು ಒಪ್ಪುತ್ತದೆ. ಮಕ್ಕಳಿಗೆ ಕಲಿಸುವವರು ಈ ಅನುಕೂಲವನ್ನು ಜಾಸ್ತಿ ಬಳಸಬೇಕು ಎಂಬುದು ನನ್ನ ಆಸೆ. ಅಂಕಿಗಳನ್ನು ಮಾತ್ರ 1, 2, 3 ಎಂದೇ ಬರೆಯಬೇಕು.

ಎಲ್ಲದಕ್ಕೂ ಒಂದೇ ಚೌಕಟ್ಟು

ಸೋಮವಾರದಿಂದ ಭಾನುವಾರದವರೆಗೆ ಬಿದ್ದ ಮಳೆ, ಮಿಲಿಮೀಟರಿನಲ್ಲಿ, ಹೀಗಿದೆ ಎಂದುಕೊಳ್ಳಿ. ಒಟ್ಟು ಎಷ್ಟು?

    ಮಳೆ = [12, 0, 35, 7, 0, 0, 48]
    ಒಟ್ಟು = 0
    ಫಾರ್ ಅಳತೆ ಇನ್ ಮಳೆ:
        ಒಟ್ಟು = ಒಟ್ಟು + ಅಳತೆ
    ಪ್ರಿಂಟ್(ಒಟ್ಟು)

ಕಾಗದದಲ್ಲಿ ಎರಡು ಕಂಬಸಾಲು ಹಾಕಿ. ಒಂದಕ್ಕೆ 'ಅಳತೆ', ಇನ್ನೊಂದಕ್ಕೆ 'ಒಟ್ಟು' ಎಂದು ಹೆಸರಿಡಿ. ಮೊದಲ ಸುತ್ತಿನಲ್ಲಿ 12, 12. ಎರಡನೆಯದರಲ್ಲಿ 0, 12. ಮೂರನೆಯದರಲ್ಲಿ 35, 47. ಹೀಗೇ ಹೋದರೆ ಕೊನೆಗೆ 102 ಬರುತ್ತದೆ.

ಇಲ್ಲಿ ಮೂರು ಜಾಗಗಳಿವೆ. ಲೂಪಿಗೆ ಮುಂಚೆ ಏನಿಟ್ಟುಕೊಳ್ಳಬೇಕು, ಒಳಗೆ ಏನು ಬದಲಾಗಬೇಕು, ಮುಗಿದ ಮೇಲೆ ಏನು ನೋಡಬೇಕು. ಆರಂಭದ ಹೆಚ್ಚಿನ ಲೆಕ್ಕಗಳು ಇದೇ ಚೌಕಟ್ಟಿನಲ್ಲಿ ಕೂರುತ್ತವೆ. 'ಒಟ್ಟು = 0' ಎಂಬ ಸಾಲು ಲೂಪಿನ ಒಳಗೆ ಸೇರಿದರೆ ಪ್ರತಿ ಸುತ್ತಿನಲ್ಲೂ ಲೆಕ್ಕ ಅಳಿಸಿಹೋಗಿ, ಕೊನೆಗೆ 48 ಮಾತ್ರ ಉಳಿಯುತ್ತದೆ. ಪ್ರಿಂಟ್ ಒಳಗೆ ಸೇರಿದರೆ ಏಳು ಸಾಲು ಬರುತ್ತವೆ. ಎಡಗಡೆ ಬಿಡುವ ನಾಲ್ಕು ಸ್ಪೇಸ್ ಅಂದಕ್ಕಾಗಿ ಇಟ್ಟಿದ್ದಲ್ಲ. ಯಾವ ಸಾಲು ಲೂಪಿಗೆ ಸೇರಿದ್ದು ಎಂದು ಪೈಥಾನ್‌ಗೆ ಗೊತ್ತಾಗುವುದೇ ಅದರಿಂದ.

ಸಂಖ್ಯೆಗಳನ್ನು ಕೀಬೋರ್ಡಿನಿಂದ ಪಡೆಯುವುದಾದರೆ ಒಂದು ಎಚ್ಚರ. ಇನ್‌ಪುಟ್ ಕೊಡುವುದು ಪಠ್ಯ, ಸಂಖ್ಯೆಯಲ್ಲ. ಪಠ್ಯವಾಗಿ 12ಕ್ಕೆ 7 ಕೂಡಿಸಿದರೆ 127 ಆಗುತ್ತದೆ. ಮೊದಲು ಇಂಟ್ ಬಳಸಿ ಸಂಖ್ಯೆ ಮಾಡಿಕೊಳ್ಳಿ. ವಿಶೇಷ ಏನೆಂದರೆ, ಬಳಸುವವರು ೧೨ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ ಇಂಟ್ ಅದನ್ನು ಸರಿಯಾಗಿ ಓದುತ್ತದೆ!

ಅತಿ ಹೆಚ್ಚು ಎಷ್ಟು?

    ಗರಿಷ್ಠ = ಮಳೆ[0]
    ಫಾರ್ ಅಳತೆ ಇನ್ ಮಳೆ:
        ಇಫ್ ಅಳತೆ > ಗರಿಷ್ಠ:
            ಗರಿಷ್ಠ = ಅಳತೆ

ಒಟ್ಟಿನಂತೆ ಇದನ್ನೂ ಸೊನ್ನೆಯಿಂದ ಶುರು ಮಾಡಿದರೆ ಆಗದೇ? ಮಳೆಗೆ ಆಗುತ್ತದೆ. ಆದರೆ ಲೇಹ್‌ನ ಚಳಿಗಾಲದ ರಾತ್ರಿಗಳ ಉಷ್ಣಾಂಶ -12, -8, -15 ಎಂದು ಕೊಟ್ಟರೆ ಉತ್ತರ 0 ಬರುತ್ತದೆ. ಆ ಲಿಸ್ಟಿನಲ್ಲಿ ಸೊನ್ನೆಯೇ ಇಲ್ಲ ಅಲ್ವಾ? ಅದಕ್ಕೇ ಲಿಸ್ಟಿನಲ್ಲಿರುವ ಮೊದಲ ಸಂಖ್ಯೆಯನ್ನೇ ಹಿಡಿದು ಹೊರಡಬೇಕು. ಸಮ್, ಮ್ಯಾಕ್ಸ್ ಎಂಬ ಸಿದ್ಧ ಸವಲತ್ತುಗಳು ಪೈಥಾನ್‌ನಲ್ಲಿವೆ. ಕೆಲಸಕ್ಕೆ ಅವನ್ನೇ ಬಳಸಿ. ಕಲಿಯುವಾಗ ಮಾತ್ರ ಕೈಯಿಂದಲೇ ಬರೆಯಿರಿ.

ಮೊದಲನೆಯದಕ್ಕೆ [0] ಏಕೆ, [1] ಏಕಲ್ಲ ಎಂದು ಕೇಳುವವರು ಜಾಸ್ತಿ. ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಇದರ ಬಗ್ಗೆಯೇ ಒಂದು ಪುಟ್ಟ ಟಿಪ್ಪಣಿ ಬರೆದರು. ಶುರುವಿನ ಸಂಖ್ಯೆಯನ್ನು ಸೇರಿಸಿ, ಕೊನೆಯದನ್ನು ಬಿಟ್ಟು, 0ಯಿಂದ ಎಣಿಸಿದರೆ ಲೆಕ್ಕ ಸಲೀಸು ಎಂಬುದು ಅವರ ವಾದದ ತಿರುಳು. ಪೈಥಾನ್‌ನಲ್ಲೂ ಇದೇ ಕ್ರಮ. ರೇಂಜ್(7) ಎಂದರೆ 0ಯಿಂದ 6ರವರೆಗೆ, ಒಟ್ಟು ಏಳು. ಮಳೆ[0:3] ಮೊದಲ ಮೂರು ದಿನ, ಮಳೆ[3:7] ಉಳಿದ ನಾಲ್ಕು ದಿನ. ಕೊನೆಯಿಂದ ಶುರುವನ್ನು ಕಳೆದರೆ ಎಷ್ಟು ದಿನ ಎಂದು ಸಿಗುತ್ತದೆ. ಮಳೆ[7] ಎಂದು ಕೇಳಿದರೆ ಮಾತ್ರ 'ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್' ಎಂಬ ದೋಷ ಬರುತ್ತದೆ.

ಓಡುತ್ತಿರುವಾಗಲೇ ತೆಗೆಯಬೇಡಿ

ಮಳೆ ಬಾರದ ದಿನಗಳನ್ನು ಲಿಸ್ಟಿನಿಂದ ತೆಗೆಯಬೇಕು. ಮೊದಲು ಹೊಳೆಯುವುದು ಇದು:

    ಫಾರ್ ಅಳತೆ ಇನ್ ಮಳೆ:
        ಇಫ್ ಅಳತೆ == 0:
            ಮಳೆ.ರಿಮೂವ್(ಅಳತೆ)

ಯಾವ ದೋಷವೂ ಕಾಣಿಸುವುದಿಲ್ಲ. ಆದರೆ ಉಳಿಯುವ ಲಿಸ್ಟ್ [12, 35, 7, 0, 48]. ಒಂದು ಸೊನ್ನೆ ತಪ್ಪಿಸಿಕೊಂಡಿದೆ. ಇದನ್ನು ಬರೀ ಯೋಚಿಸಿ ಹಿಡಿಯುವುದು ಕಷ್ಟ, ಕಾಗದದಲ್ಲಿ ಸುಲಭ. ಲೂಪ್ ನೆನಪಿಟ್ಟುಕೊಳ್ಳುವುದು 'ಎಷ್ಟನೇ ಜಾಗದಲ್ಲಿದ್ದೇನೆ' ಎಂಬುದನ್ನು ಮಾತ್ರ. ಜಾಗ 1ರಲ್ಲಿದ್ದ ಸೊನ್ನೆ ಹೋದ ಕೂಡಲೇ 35 ಜಾಗ 1ಕ್ಕೆ ಸರಿಯುತ್ತದೆ. ಲೂಪ್ ಜಾಗ 2ಕ್ಕೆ ಹೋಗಿ 7ನ್ನು ನೋಡುತ್ತದೆ. 35ನ್ನು ಅದು ನೋಡಲೇ ಇಲ್ಲ. ಮುಂದೆ ಅಕ್ಕಪಕ್ಕ ಎರಡು ಸೊನ್ನೆ ಬಂದಾಗ ಇದೇ ರೀತಿ ಎರಡನೆಯದು ಜಾರಿಕೊಳ್ಳುತ್ತದೆ.

ದಾರಿ ಸರಳ. ಬೇಕಾದವನ್ನು ಹೊಸ ಲಿಸ್ಟಿಗೆ ಹಾಕಿಕೊಳ್ಳಿ.

    ಬಂದದ್ದು = []
    ಫಾರ್ ಅಳತೆ ಇನ್ ಮಳೆ:
        ಇಫ್ ಅಳತೆ > 0:
            ಬಂದದ್ದು.ಅಪೆಂಡ್(ಅಳತೆ)

ಸತತ ಒಣ ದಿನಗಳು

ಈಗ ಸ್ವಲ್ಪ ಗಟ್ಟಿ ಲೆಕ್ಕ. ಸತತವಾಗಿ ಎಷ್ಟು ದಿನ ಮಳೆ ಬರಲಿಲ್ಲ? ಅಂಥ ಸಾಲುಗಳಲ್ಲಿ ಅತಿ ಉದ್ದದ್ದು ಎಷ್ಟು? (ಹಿಂದಿನ ಪ್ರಯೋಗದಲ್ಲಿ ಸೊನ್ನೆಗಳನ್ನು ತೆಗೆದಿದ್ದರೆ ಮಳೆ ಲಿಸ್ಟನ್ನು ಮತ್ತೆ ಬರೆದುಕೊಳ್ಳಿ.)

    ಸಾಲು = 0
    ಉದ್ದ = 0
    ಫಾರ್ ಅಳತೆ ಇನ್ ಮಳೆ:
        ಇಫ್ ಅಳತೆ == 0:
            ಸಾಲು = ಸಾಲು + 1
            ಇಫ್ ಸಾಲು > ಉದ್ದ:
                ಉದ್ದ = ಸಾಲು
        ಎಲ್ಸ್:
            ಸಾಲು = 0
    ಪ್ರಿಂಟ್(ಉದ್ದ)

ಇಲ್ಲಿ ಎರಡು ಲೆಕ್ಕ ಒಟ್ಟಿಗೆ ನಡೆಯುತ್ತಿವೆ. 'ಸಾಲು' ಈಗಿನದು, 'ಉದ್ದ' ಇಲ್ಲಿಯವರೆಗೆ ಕಂಡ ಅತಿ ದೊಡ್ಡದು. ಕಾಗದದಲ್ಲಿ 'ಸಾಲು' 0, 1, 0, 0, 1, 2, 0 ಎಂದು ಏರಿಳಿಯುತ್ತದೆ. 'ಉದ್ದ' 0, 1, 1, 1, 1, 2, 2. ಉತ್ತರ 2.

ಕೆಲವರು 'ಉದ್ದ'ವನ್ನು ಹೋಲಿಸುವ ಇಫ್ ಭಾಗವನ್ನು ಎಲ್ಸ್ ಒಳಗೆ, 'ಸಾಲು' ಎಂಬ ವೇರಿಯೇಬಲ್ಲನ್ನು ಸೊನ್ನೆ ಮಾಡುವ ಮುಂಚೆ ಬರೆಯುತ್ತಾರೆ. ಮಳೆ ಬಂದಾಗ ಒಣ ಸಾಲು ಮುಗಿಯಿತು, ಆಗ ಅಳೆಯೋಣ ಎಂಬ ಯೋಚನೆ. ನಮ್ಮ ಲಿಸ್ಟಿಗೆ ಅದೂ 2 ಎಂದೇ ಹೇಳುತ್ತದೆ! ಆದರೆ [0, 0, 0] ಕೊಟ್ಟರೆ 3ರ ಬದಲು 0 ಬರುತ್ತದೆ. ಮಳೆಯೇ ಬರದಿದ್ದರೆ ಎಲ್ಸ್ ಒಳಗೆ ಹೋಗುವುದೇ ಇಲ್ಲ.

ಹಾಗಾಗಿ ಯಾವ ಲೆಕ್ಕ ಬರೆದರೂ ಕೊಟ್ಟ ಲಿಸ್ಟಿನ ಜೊತೆ ಇನ್ನೂ ಮೂರು ಲಿಸ್ಟ್ ಇಟ್ಟು ನೋಡಿ: ಒಂದೇ ಸಂಖ್ಯೆ ಇರುವುದು, ಎಲ್ಲವೂ ಒಂದೇ ಆಗಿರುವುದು, ಪೂರ್ತಿ ಖಾಲಿ. ಖಾಲಿ ಲಿಸ್ಟಿಗೆ ಒಟ್ಟು 0 ಬರುತ್ತದೆ, ಆದರೆ ಗರಿಷ್ಠದ ಪ್ರೋಗ್ರಾಂ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಏಕೆಂದು ಈಗ ನಿಮಗೇ ಗೊತ್ತಾಗುತ್ತದೆ.

ಕಾಗದದಲ್ಲಿ ಬರೆದದ್ದು ಸರಿಯೇ ಎಂದು ತಾಳೆ ನೋಡಲು ಪೈಥಾನ್ ಟ್ಯೂಟರ್ ಎಂಬ ಜಾಲತಾಣ ಚೆನ್ನಾಗಿದೆ. ಒಂದೊಂದೇ ಸಾಲು ಓಡಿಸಿ ಬೆಲೆಗಳನ್ನು ತೋರಿಸುತ್ತದೆ. ಕಾಗದದ ಕೆಲಸ ಆದ ಮೇಲೆ ಅಲ್ಲಿಗೆ ಹೋಗಿ, ಮೊದಲೇ ಬೇಡ.

ಮುಂದಿನ ಲೆಕ್ಕ ನಿಮ್ಮದು. ಆ ಅತಿ ಉದ್ದದ ಒಣ ಸಾಲು ಯಾವ ಜಾಗದಿಂದ ಶುರುವಾಯಿತು? ಜಾಗ ಮತ್ತು ಅಳತೆ ಎರಡೂ ಒಟ್ಟಿಗೆ ಬೇಕಾದರೆ ಎನ್ಯೂಮರೇಟ್ ಬಳಸಿ. ನಮ್ಮ ಲಿಸ್ಟಿಗೆ ಉತ್ತರ 4 ಬರಬೇಕು, ಅಂದರೆ ಶುಕ್ರವಾರ.